ಗುಂಡಿ

ಪುಟ ತೆರೆದ ಕೂಡಲೆ ಕಡಲು ಕೇಳಬೇಕು, ಅಂದರು
ಉಲ್ಲಾಸ ಬಾಂದೇಕರ, ಮೂರು ಬೋಟಿನ ಯಜಮಾನರು,
ಕೋಡಿಬಾಗದ ನನ್ನ ಕೋಣೆಯ ಒಂದೇ ಫ್ಯಾನಿನ ಕೆಳಗೆ
ಬೆವರು ಒರೆಸುತ್ತ.
ಜೊತೆಗೆ ಒಂಚೂರು ಕೊಳಲು.
ಕೊಳಲಿಲ್ಲದ ಕಡಲಿಗೆ ದುಡ್ಡು ಯಾರು ಕೊಡುತ್ತಾರೆ?

ಎಲ್ಲಿಂದಲೋ ಒಂದು ಕಡಲು ತಂದೆ, ಪುಕ್ಕಟೆಯದು,
ನಲವತ್ತು ಸೆಕೆಂಡು. ತುದಿಗೆ ತುದಿ ಗಂಟು ಹಾಕಿದೆ
ಮುಗಿದಲ್ಲೇ ಮೊದಲಾಗುವ ಹಾಗೆ.

ಬೋಟು ನಡೆಸುವ ಸಾಂತಾನ, ಯಜಮಾನರ ಚೆಕ್ಕು ಕೊಡಲು ಬಂದವ,
ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತು ಕೇಳಿದ.
'ಇದು ನಮ್ಮದಲ್ಲ.
ಇದರ ತಳದಲ್ಲಿ ಗೋಲಿಕಲ್ಲು. ನೀರು ಹಿಂದೆ ಸರಿವಾಗ
ಹಲ್ಲು ಕಡಿದ ಸದ್ದು, ಕೇಳಿ.
ನಮ್ಮದು ಮರಳು. ಅದು ಹಿಂದೆ ಹೋಗುವಾಗ
ಗಂಜಿ ಹೀರಿದ ಹಾಗೆ...'
ಬಾಯಲ್ಲೇ ಮಾಡಿ ತೋರಿಸಿದ, ಸೊರ್ರೆಂದು.
ಹುಟ್ಟಿದಾಗಿನಿಂದ ಇದೇ ದಂಡೆಯವಳು ನಾನು;
ಹಿಂದೆ ಹೋಗುವುದಕ್ಕೂ ಒಂದು ಸದ್ದಿದೆ ಎಂದು
ಮೂವತ್ತೊಂದನೆಯ ವಯಸ್ಸಿಗೆ ಗೊತ್ತಾಯಿತು.

ರಾತ್ರಿ ಎರಡು ಗಂಟೆ, ಇಳಿತದ ಹೊತ್ತು,
ದೇವಬಾಗದ ತುದಿಯಲ್ಲಿ, ಕಾಳಿ ಉಪ್ಪಾಗುವಲ್ಲಿ,
ಗಾಳಿ ತಾಗದಂತೆ ಮೊಬೈಲಿಗೆ
ಅಣ್ಣನ ಉಣ್ಣೆಯ ಕಾಲುಚೀಲ ತೊಡಿಸಿ ಕೂತೆವು.
ಗೋವೆಯ ಕಡೆ ಹೊರಟ ಲಾರಿ ಸೇತುವೆ ಹತ್ತಿತು.
ಒಂದು ನಾಯಿ. ಯಾರದೋ ಜನರೇಟರು.
ಬಂದರಿನ ಕಡೆಯಿಂದ ಗುಂಯ್ ಎಂದು ನಿಲ್ಲದೇ ಇದ್ದದ್ದು ಏನೋ,
ಹಗಲಲ್ಲಿ ಎಂದೂ ಕೇಳಿರಲಿಲ್ಲ.
ಸೂರ್ಯ ಹುಟ್ಟುವುದರೊಳಗೆ ಶುದ್ಧವಾಗಿ ಸಿಕ್ಕಿದ್ದು
ನಲವತ್ತೆರಡು ಸೆಕೆಂಡು.
ಅದರ ಇಪ್ಪತ್ತೇಳನೆಯದರಲ್ಲಿ
ಸಾಂತಾನ ಕೆಮ್ಮಿದ.

'ಕೆಮ್ಮು ತೆಗಿ' ಅಂದರು ಬಾಂದೇಕರ.
ತೆಗೆದೆ. ತೆಗೆದಲ್ಲಿ ಕಡಲು ಮುಗ್ಗರಿಸಿತು,
ಕತ್ತಲಲ್ಲಿ ಮೆಟ್ಟಿಲು ತಪ್ಪಿದವರ ಹಾಗೆ.
ಮೇಲೆ ಕೊಳಲು ಹೊದಿಸಿದೆ.

ವಾರ ಕಳೆದು ಅಂಕೋಲೆಯಿಂದ ಫೋನು.
ಆಸ್ಪತ್ರೆಯ ನರ್ಸು, ನಾಗವೇಣಿ ಆಗೇರ, ರಾತ್ರಿ ಪಾಳಿ.
ರಜೆಯ ದಿನಕ್ಕೆ ಎರಡು ಸೀಟು ಇದೆಯೇ ನೋಡೋಣವೆಂದು
ಮೇಜಿನ ಮರೆಯಲ್ಲಿ ಪುಟ ತೆರೆದರಂತೆ.
ಹೋ ಎಂದು ವಾರ್ಡಿಗೇ ನುಗ್ಗಿತು ನೀರು.
ಹನ್ನೊಂದು ಮಂಚಕ್ಕೆ ಎಚ್ಚರ.
ಎಲ್ಲಿ ಒತ್ತಿದರೆ ನಿಲ್ಲುತ್ತದೋ ತಿಳಿಯದೆ
ಮೊಬೈಲನ್ನು ಹತ್ತಿಯ ಡಬ್ಬಿಯೊಳಗೆ ಹುಗಿದರಂತೆ;
ಹತ್ತಿಯೊಳಗಿಂದಲೂ ಕೊಳಲು.
'ಬೈಯಲಿಕ್ಕೇ ಫೋನು ಮಾಡಿದ್ದು' ಅಂದರು. ಬೈದರು.
ಆಮೇಲೆ, ಸ್ವಲ್ಪ ತಡೆದು,
ಏಳನೇ ಮಂಚದ ಅಜ್ಜ, ನಾಲ್ಕು ದಿನದಿಂದ ತುಟಿ ಬಿಚ್ಚದವರು,
'ಭರತಿ ಬಂತಾ?' ಅಂದರಂತೆ.
'ದೋಣಿ ಮೇಲೆ ಎಳೆದಿರಾ?'
ನೀವೇನು ಹೇಳಿದಿರಿ, ಕೇಳಿದೆ.
'ಎಳೆದೆವು ಅಂದೆ. ಮತ್ತೇನು ಹೇಳೋದು.'

ಅವತ್ತೇ ಸದ್ದು ನಿಲ್ಲಿಸಿದೆ.
ಬಾಂದೇಕರರು ಕೇಳಿದ್ದಕ್ಕೆ ಇಷ್ಟೇ ಅಂದೆ:
ಕರೆಯದೆ ಒಳಗೆ ಬಂದರೆ
ಕಡಲಾದರೇನು, ಅದು ನೆರೆಯೇ.
ಪುಟದ ಬಲಮೂಲೆಗೊಂದು ಗುಂಡಿ ಇಟ್ಟೆ,
ಮರಳಿನಲ್ಲಿ ಏಡಿ ತೋಡಿಕೊಂಡಷ್ಟು.
ಬೇಕಾದವರು ಒತ್ತಲಿ.

ನೂರಕ್ಕೆ ಮೂವರು ಒತ್ತುತ್ತಾರೆ, ಲೆಕ್ಕ ಸಿಗುತ್ತದೆ.
ಒಬ್ಬರು ರಾತ್ರಿ ಮೂರರ ಹೊತ್ತಿಗೆ ಒತ್ತಿ
ಬೆಳಗಿನವರೆಗೆ ಹಾಗೇ ಬಿಡುತ್ತಾರೆ.
ಯಾರೆಂದು ಲೆಕ್ಕ ಹೇಳುವುದಿಲ್ಲ.
'ಮೂರೇ?' ಎಂದು ಬಾಂದೇಕರ ಮುಖ ಸಣ್ಣದು ಮಾಡಿದರು.
ತಾವಂತೂ ಇದುವರೆಗೆ ಒಮ್ಮೆಯೂ ಒತ್ತಿಲ್ಲ.

ಒಳ್ಳೆಯದೇ ಆಯಿತು.
ಅದರೊಳಗೆ ಕೊಳಲಿಲ್ಲ.
ಲಾರಿ ಸೇತುವೆ ಹತ್ತುತ್ತದೆ, ನಾಯಿ ಇದೆ,
ಸಾಂತಾನನ ಕೆಮ್ಮು ಅದರ ಜಾಗದಲ್ಲೇ ಇದೆ,
ಆಮೇಲೆ ಮರಳು
ಗಂಜಿ ಹೀರುತ್ತದೆ.